ಗಾಜಿಗೆ ಇಜಿಎಫ್ ಅಂಟಿಸಿ ಜೀವಕೋಶ ಬೆಳೆಸುವುದು: ಮೊದಲಿಂದ ಕೊನೆವರೆಗೆ

ಲ್ಯಾಬಿನಲ್ಲಿ ಜೀವಕೋಶ ಬೆಳೆಸುವವರು ಮೀಡಿಯಂಗೆ (ಜೀವಕೋಶದ ಪೋಷಕ ದ್ರಾವಣಕ್ಕೆ) ಬೆಳವಣಿಗೆಯ ಪ್ರೋಟೀನ್ ಬೆರೆಸುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ಆ ಮೀಡಿಯಂ ಹೀರಿ ತೆಗೆದು ಹೊಸದು ಹಾಕುತ್ತಾರೆ. ಹಳೆಯ ಮೀಡಿಯಂ ಜೊತೆ ಉಳಿದ ಪ್ರೋಟೀನೂ ವೇಸ್ಟ್ ಬಾಟಲಿಗೆ ಹೋಗುತ್ತದೆ. ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಂಡ ವಸ್ತು ಅದು. ಅದನ್ನು ಕರಗಿಸುವ ಬದಲು ಜೀವಕೋಶ ಕೂರುವ ನೆಲಕ್ಕೇ ಅಂಟಿಸಿಬಿಟ್ಟರೆ?

ಆಗುತ್ತದೆ. ಸಾಮಾನ್ಯ ಲ್ಯಾಬಿನಲ್ಲೂ ಆಗುತ್ತದೆ. ಆದರೆ ಅಂಟಿಸುವುದು ಸುಲಭದ ಕೆಲಸ. ಅಂಟಿದ್ದು ಅಲ್ಲೇ ಇದೆ, ಸೋರುತ್ತಿಲ್ಲ, ಇನ್ನೂ ಕೆಲಸ ಮಾಡುತ್ತಿದೆ ಎಂದು ತೋರಿಸುವುದೇ ಕಷ್ಟ. ಅದಕ್ಕೇ ಈ ಬರಹದಲ್ಲಿ ಅಂಟಿಸುವುದಕ್ಕೆ ಎಷ್ಟು ಜಾಗವಿದೆಯೋ ಪರೀಕ್ಷೆಗೂ ಅಷ್ಟೇ ಇದೆ. ಉದಾಹರಣೆಗೆ ಇಜಿಎಫ್ (ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್) ಎಂಬ ಬೆಳವಣಿಗೆಯ ಪ್ರೋಟೀನನ್ನೂ ಮನುಷ್ಯರ ಚರ್ಮದ ಹ್ಯಾಕ್ಯಾಟ್ ಜೀವಕೋಶಗಳನ್ನೂ ತೆಗೆದುಕೊಂಡಿದ್ದೇನೆ. ಜೀವಕೋಶ ಬೆಳೆಸಿ ಸ್ವಲ್ಪ ಅಭ್ಯಾಸ ಇರುವವರಿಗಾಗಿ ಬರೆದದ್ದು ಇದು.

ಇಜಿಎಫ್ ಏಕೆ, ಅಂಟಿಸುವುದು ಏಕೆ

ಇಜಿಎಫ್ ಪುಟ್ಟ ಪ್ರೋಟೀನ್. 53 ಅಮೈನೋ ಆಮ್ಲ, ತೂಕ ಸುಮಾರು 6,000 ಡಾಲ್ಟನ್. ಸ್ಟ್ಯಾನ್ಲಿ ಕೋಹೆನ್ ಇದನ್ನು ಇಲಿಯ ಜೊಲ್ಲು ಗ್ರಂಥಿಯಲ್ಲಿ ಕಂಡುಹಿಡಿದರು. ಆ ಗ್ರಂಥಿಯ ರಸ ಚುಚ್ಚಿದ ಇಲಿಮರಿಗಳು ಬೇಗ ಕಣ್ಣು ಬಿಟ್ಟವು. ಅದೇ ಸುಳಿವು. 1986ರ ನೊಬೆಲ್ ಅವರಿಗೂ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೂ ಸೇರಿ ಬಂತು.

ಕರಗಿದ ಇಜಿಎಫ್ ಜೀವಕೋಶದ ಮೇಲಿನ ಗ್ರಾಹಕಕ್ಕೆ (ಸಂದೇಶ ಹಿಡಿಯುವ ಪ್ರೋಟೀನ್, ರಿಸೆಪ್ಟರ್) ಕೂತರೆ, ಜೀವಕೋಶ ಗ್ರಾಹಕ ಸಮೇತ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಬಹುಪಾಲು ಜೀರ್ಣವಾಗಿ ಹೋಗುತ್ತದೆ. ಸಂದೇಶ ಜೋರಾಗಿ ಶುರುವಾಗಿ ಬೇಗ ಇಳಿಯುತ್ತದೆ. ನೆಲಕ್ಕೆ ಕಟ್ಟಿಹಾಕಿದ ಇಜಿಎಫ್‌ ಅನ್ನು ಹಾಗೆ ನುಂಗಲು ಬರುವುದಿಲ್ಲ. ಅದು ಅಲ್ಲೇ ಇದ್ದು ಗ್ರಾಹಕವನ್ನು ಎಬ್ಬಿಸುತ್ತಲೇ ಇರುತ್ತದೆ.

ಅಮೆರಿಕದ ಎಂಐಟಿಯಲ್ಲಿ ಲಿಂಡಾ ಗ್ರಿಫಿತ್ ಅವರ ಲ್ಯಾಬ್ 1996ರಲ್ಲಿ ಇದನ್ನು ಚೆನ್ನಾಗಿ ತೋರಿಸಿತು. ಉದ್ದನೆಯ, ಬಳುಕುವ ಪಾಲಿಮರ್ ದಾರದ ತುದಿಗೆ ಇಜಿಎಫ್ ಕಟ್ಟಿ, ಅದರ ಮೇಲೆ ಇಲಿಯ ಯಕೃತ್ತಿನ ಜೀವಕೋಶ ಕೂರಿಸಿದರು. ಕರಗಿದ ಇಜಿಎಫ್‌ನಷ್ಟೇ ಪರಿಣಾಮ ಸಿಕ್ಕಿತು. ಸುಮ್ನೆ ಮೇಲ್ಮೈಗೆ ಸವರಿ ಒಣಗಿದಂತೆ ಅಂಟಿಕೊಂಡ ಇಜಿಎಫ್ ಮಾತ್ರ ಕೆಲಸ ಮಾಡಲಿಲ್ಲ. ಪ್ರೋಟೀನ್ ಇದ್ದರೆ ಸಾಲದು, ಅದಕ್ಕೆ ತಿರುಗಾಡಲು ಸ್ವಲ್ಪ ಸಡಿಲ ಬೇಕು.

ಇನ್ನೊಂದು ಹಳೆಯ ಪಾಠವೂ ಇದೆ. 1969ರಲ್ಲಿ ಪೆಡ್ರೊ ಕ್ವಾಟ್ರೆಕಾಸಸ್ ಸೆಫರೋಸ್ ಎಂಬ ಜೆಲ್ ಮಣಿಗಳಿಗೆ ಇನ್ಸುಲಿನ್ ಕಟ್ಟಿ ಕೊಬ್ಬಿನ ಜೀವಕೋಶಗಳಿಗೆ ಕೊಟ್ಟರು. ಜೀವಕೋಶಗಳು ಸ್ಪಂದಿಸಿದವು. ಇನ್ಸುಲಿನ್ ಒಳಗೆ ಹೋಗದೆ ಹೊರಗಿನಿಂದಲೇ ಕೆಲಸ ಮಾಡುತ್ತದೆ ಎಂದು ಅದರಿಂದ ತೀರ್ಮಾನ ಬಂತು. ಮುಂದೆ ಬೇರೆ ಲ್ಯಾಬ್‌ಗಳು ಮಣಿಗಳಿಂದ ಇನ್ಸುಲಿನ್ ಸೋರುತ್ತದೆ ಎಂದು ತೋರಿಸಿದವು. ಹಾಗಾದರೆ ಕೆಲಸ ಮಾಡಿದ್ದು ಕಟ್ಟಿದ್ದೋ, ಸೋರಿದ್ದೋ? ನಮ್ಮ ಪ್ರಯೋಗದಲ್ಲೂ ಇದೇ ಪ್ರಶ್ನೆ ಏಳುತ್ತದೆ.

ಮೊದಲು ಒಂದು ಲೆಕ್ಕ

12 ಮಿಮೀ ವ್ಯಾಸದ ದುಂಡು ಕವರ್‌ಸ್ಲಿಪ್ (ತೆಳು ಗಾಜಿನ ಬಿಲ್ಲೆ) ತೆಗೆದುಕೊಳ್ಳಿ. ಅದರ ಒಂದು ಮುಖ 1.13 ಚದರ ಸೆಂಮೀ. ಮಿಲಿಗೆ 1 ಮೈಕ್ರೋಗ್ರಾಂ ಇಜಿಎಫ್ ಇರುವ 100 ಮೈಕ್ರೋಲೀಟರ್ ಹನಿ ಇಟ್ಟರೆ ಅದರಲ್ಲಿ 100 ನ್ಯಾನೋಗ್ರಾಂ ಇರುತ್ತದೆ. ಅದರಲ್ಲಿ 20 ನ್ಯಾನೋಗ್ರಾಂ ಅಂಟಿತು ಎಂದುಕೊಳ್ಳೋಣ.

24 ಗುಳಿಯ ತಟ್ಟೆಯಲ್ಲಿ ಒಂದು ಗುಳಿಗೆ ಅರ್ಧ ಮಿಲಿ ಮೀಡಿಯಂ ಹಾಕುತ್ತೇವೆ. ಕರಗಿದ ಇಜಿಎಫ್ ಮಿಲಿಗೆ 1 ನ್ಯಾನೋಗ್ರಾಂ ಇದ್ದರೂ ಜೀವಕೋಶ ಸ್ಪಂದಿಸುತ್ತದೆ. ಅಂದರೆ ಗುಳಿಗೆ ಅರ್ಧ ನ್ಯಾನೋಗ್ರಾಂ ಸಾಕು. ಅಂಟಿದ 20ರಲ್ಲಿ ಅರ್ಧ ಎಂದರೆ ಶೇ. 2.5. ನೂರಕ್ಕೆ ಎರಡೂವರೆ ಪಾಲು ಸೋರಿದರೂ ನಿಮ್ಮ ಫಲಿತಾಂಶ ಅಂಟಿದ್ದರಿಂದ ಬಂತೋ ಸೋರಿದ್ದರಿಂದ ಬಂತೋ ಹೇಳಲಾಗದು.

ನಾನು ಮೊದಲ ಸಲ ಮಾಡಿದಾಗ ಈ ಲೆಕ್ಕ ಹಾಕಿರಲಿಲ್ಲ. ಜೀವಕೋಶ ಚೆನ್ನಾಗಿ ಬೆಳೆದಿತ್ತು, ಖುಷಿಯೂ ಆಗಿತ್ತು. ಆ ಮೀಡಿಯಂ ತೆಗೆದು ಖಾಲಿ ಗಾಜಿನ ಮೇಲಿನ ಜೀವಕೋಶಕ್ಕೆ ಹಾಕಿದೆ. ಅವೂ ಅಷ್ಟೇ ಚೆನ್ನಾಗಿ ಬೆಳೆದವು. ಎರಡು ತಿಂಗಳ ಕೆಲಸವನ್ನು ಮತ್ತೆ ಮೊದಲಿಂದ ಮಾಡಬೇಕಾಯಿತು.

ಏನೇನು ಬೇಕು

ಡೋಪಮೀನ್ ಹೈಡ್ರೋಕ್ಲೋರೈಡ್, ಟ್ರಿಸ್, ಪಿಬಿಎಸ್ (ಉಪ್ಪಿನ ಬಫರ್), ಫೈಬ್ರೋನೆಕ್ಟಿನ್, ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್), ಮನುಷ್ಯರ ಇಜಿಎಫ್, ಕವರ್‌ಸ್ಲಿಪ್, 24 ಗುಳಿಯ ತಟ್ಟೆ, ಪ್ಯಾರಾಫಿಲ್ಮ್, 0.22 ಮೈಕ್ರಾನ್ ಫಿಲ್ಟರ್, ಇಜಿಎಫ್ ಅಳೆಯುವ ಎಲೈಸಾ ಕಿಟ್, ಗ್ರಾಹಕವನ್ನು ತಡೆಯುವ ಜೆಫಿಟಿನಿಬ್.

ಇಜಿಎಫ್ ಕೊಳ್ಳುವಾಗ ಲೇಬಲ್ ಓದಿ. ಎಷ್ಟೋ ಸಲ ಪ್ರೋಟೀನ್ ಹಾಳಾಗದಿರಲಿ ಎಂದು ಜೊತೆಗೆ ಬಿಎಸ್‌ಎ ಬೆರೆಸಿ ಮಾರುತ್ತಾರೆ. ಅದರಲ್ಲಿ ಇಜಿಎಫ್‌ಗಿಂತ ಬಿಎಸ್‌ಎಯೇ ಹಲವು ಪಟ್ಟು ಜಾಸ್ತಿ ಇರುತ್ತದೆ. ಅಂಟಿಸಲು ಹೋದರೆ ಜಾಗವನ್ನೆಲ್ಲ ಅದೇ ಹಿಡಿಯುತ್ತದೆ. ನಮಗೆ ಬೇರೆ ಪ್ರೋಟೀನ್ ಬೆರೆಸದ ಇಜಿಎಫ್ ಬೇಕು.

ಜೀವಕೋಶವನ್ನು ಗುರುತು ಖಚಿತವಾದ ಕಡೆಯಿಂದಲೇ ತರಿಸಿ. ನಮ್ಮಲ್ಲಿ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರ ಇದೆ. ಎ431 ಎಂಬ ಜೀವಕೋಶವನ್ನು ಮಾತ್ರ ಈ ಕೆಲಸಕ್ಕೆ ಆರಿಸಬೇಡಿ. ಅದರ ಮೇಲೆ ಇಜಿಎಫ್ ಗ್ರಾಹಕಗಳು ವಿಪರೀತ. ಜಾಸ್ತಿ ಇಜಿಎಫ್ ಕೊಟ್ಟರೆ ಬೆಳೆಯುವ ಬದಲು ನಿಂತುಹೋಗುತ್ತದೆ.

ಹಂತ 1: ಗಾಜು ತೊಳೆಯುವುದು

ಕವರ್‌ಸ್ಲಿಪ್‌ಗಳನ್ನು 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಂದು ರಾತ್ರಿ ಬಿಡಿ. ಫ್ಯೂಮ್ ಹುಡ್ ಒಳಗೇ ಇಡಿ. ಮಾರನೇ ದಿನ ಶುದ್ಧ ನೀರಲ್ಲಿ ಐದಾರು ಸಲ, ಆಮೇಲೆ ಎಥನಾಲ್‌ನಲ್ಲಿ ಒಂದು ಸಲ ತೊಳೆದು ಒಣಗಿಸಿ ಆಟೋಕ್ಲೇವ್ ಮಾಡಿ. ಪಿರಾನಾ ದ್ರಾವಣ (ಗಂಧಕಾಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣ) ಬೇಕಿಲ್ಲ. ಈ ಕೆಲಸಕ್ಕೆ ಅಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳಬಾರದು.

ಹಂತ 2: ಡೋಪಮೀನ್ ಪದರ

ಗಾಜಿಗೆ ಪ್ರೋಟೀನ್ ಗಟ್ಟಿಯಾಗಿ ಹಿಡಿಯಲು ನಡುವೆ ಒಂದು ಅಂಟು ಪದರ ಬೇಕು. ಇದಕ್ಕೆ ನನಗೆ ಇಷ್ಟವಾದ ದಾರಿ ಡೋಪಮೀನ್ ಅಣುಗಳು ಕೂಡಿ ಆಗುವ ಪಾಲಿಡೋಪಮೀನ್. 2007ರಲ್ಲಿ ಫಿಲಿಪ್ ಮೆಸ್ಸರ್‌ಸ್ಮಿತ್ ಅವರ ತಂಡ ಇದನ್ನು ಪ್ರಕಟಿಸಿತು. ಸಮುದ್ರದ ಬಂಡೆಗೆ ಕಚ್ಚಿಕೊಳ್ಳುವ ಮಸಲ್ ಚಿಪ್ಪುಜೀವಿಯ ಅಂಟನ್ನು ನೋಡಿ ಹೊಳೆದ ವಿಷಯ ಇದು. ನಮ್ಮ ಕರಾವಳಿಯಲ್ಲಿ ನೀಲಿಕಲ್ಲು ಎನ್ನುವುದು ಇದೇ ಜಾತಿಯ ಜೀವಿ. ಗಾಜು, ಪ್ಲಾಸ್ಟಿಕ್, ಲೋಹ ಯಾವುದಕ್ಕೂ ಈ ಪದರ ಹಿಡಿಯುತ್ತದೆ.

10 ಮಿಲಿಮೋಲಾರ್ ಟ್ರಿಸ್ ಬಫರ್ ಮಾಡಿ ಪಿಎಚ್ 8.5ಕ್ಕೆ ತನ್ನಿ. 10 ಮಿಲಿ ಬಫರ್‌ಗೆ 20 ಮಿಲಿಗ್ರಾಂ ಡೋಪಮೀನ್ ಹಾಕಿ ಕರಗಿಸಿ ತಕ್ಷಣ ಫಿಲ್ಟರ್ ಮಾಡಿ. ತಡಮಾಡಿದರೆ ಕಣಗಳು ಹುಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ದ್ರಾವಣ ಮೊದಲು ತಿಳಿಯಾಗಿರುತ್ತದೆ. ಆಮೇಲೆ ತಿಳಿಗಂದು, ಕೊನೆಗೆ ಕಾಫಿ ಡಿಕಾಕ್ಷನ್‌ನಂತೆ ಕಪ್ಪು. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದಿಲ್ವಾ, ಅದೇ ಬಗೆಯ ರಸಾಯನಕ್ರಿಯೆ ಇದು. ಬದನೆಕಾಯಿಯಲ್ಲಿ ಅದನ್ನು ನಡೆಸಲು ಕಿಣ್ವ ಇದೆ, ಇಲ್ಲಿ ಕ್ಷಾರದ ಬಫರ್ ಮತ್ತು ಗಾಳಿಯೇ ಸಾಕು. ಹಾಗಾಗಿ ಮುಚ್ಚಳ ಬಿಗಿಮಾಡಬೇಡಿ, ಆಮ್ಲಜನಕ ಬೇಕು.

ಗಾಜುಗಳನ್ನು ಗುಳಿಯ ಗೋಡೆಗೆ ಒರಗಿಸಿ ನಿಲ್ಲಿಸಿ, ದ್ರಾವಣ ಹಾಕಿ, ನಿಧಾನವಾಗಿ ಅಲುಗಾಡಿಸುತ್ತಾ 2ರಿಂದ 4 ಗಂಟೆ ಬಿಡಿ. ಮಲಗಿಸಿದರೆ ಕಪ್ಪು ಕಣಗಳು ಮೇಲೆ ಬಂದು ಕೂರುತ್ತವೆ. ಜಾಸ್ತಿ ಹೊತ್ತು ಬಿಟ್ಟಷ್ಟೂ ಪದರ ದಪ್ಪವಾಗುತ್ತದೆ, ಒಂದು ದಿನಕ್ಕೆ ಸುಮಾರು 50 ನ್ಯಾನೋಮೀಟರ್‌ವರೆಗೂ ಹೋಗುತ್ತದೆ. ಆದರೆ ದಪ್ಪ ಪದರ ಬೆಳಕನ್ನು ಹೀರಿ ಮೈಕ್ರೋಸ್ಕೋಪಿನಲ್ಲಿ ಬಣ್ಣವನ್ನು ಮಂದ ಮಾಡುತ್ತದೆ. ನಮಗೆ ತೆಳುವಾದ ಕಂದು ಛಾಯೆ ಸಾಕು.

ಆಮೇಲೆ ಶುದ್ಧ ನೀರಲ್ಲಿ ಚೆನ್ನಾಗಿ ತೊಳೆದು, ಹೊಸ ಸ್ಟೆರೈಲ್ ನೀರಲ್ಲಿ ರಾತ್ರಿಯಿಡೀ ನೆನೆಸಿಡಿ. ಇದನ್ನು ಬಿಡಲೇಬೇಡಿ. ಉಳಿದ ಡೋಪಮೀನ್ ಗಾಳಿಯೊಂದಿಗೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ, ಜೀವಕೋಶ ಸಾಯುತ್ತದೆ.

ಹಂತ 3: ಇಜಿಎಫ್ ಅಂಟಿಸುವುದು

ಇಜಿಎಫ್ ಶೀಶೆ ತೆರೆಯುವ ಮುನ್ನ ಒಂದು ಸುತ್ತು ಸೆಂಟ್ರಿಫ್ಯೂಜ್ ಮಾಡಿ. ಪುಡಿ ಮುಚ್ಚಳಕ್ಕೆ ಅಂಟಿರುತ್ತದೆ. ಸ್ಟೆರೈಲ್ ನೀರಲ್ಲಿ ಮಿಲಿಗೆ 100 ಮೈಕ್ರೋಗ್ರಾಂ ಬರುವಂತೆ ಕರಗಿಸಿ, 10 ಮೈಕ್ರೋಲೀಟರಿನಂತೆ ಪ್ರೋಟೀನ್ ಅಂಟದ ಟ್ಯೂಬ್‌ಗಳಿಗೆ ಹಂಚಿ, ಮೈನಸ್ 80ರಲ್ಲಿಡಿ. ಒಂದು ಟ್ಯೂಬ್ ಒಂದೇ ಸಲಕ್ಕೆ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಬೇಡಿ.

ಕೆಲಸದ ದಿನ ಒಂದು ಟ್ಯೂಬಿಗೆ 990 ಮೈಕ್ರೋಲೀಟರ್ ತಣ್ಣಗಿನ ಪಿಬಿಎಸ್ ಹಾಕಿ. ಮಿಲಿಗೆ 1 ಮೈಕ್ರೋಗ್ರಾಂ ಆಯಿತು. ಹತ್ತು ಗಾಜಿಗೆ ಸಾಕು. ಇಷ್ಟು ತೆಳು ದ್ರಾವಣದಲ್ಲಿ ಪ್ರೋಟೀನ್ ಪ್ಲಾಸ್ಟಿಕ್ ಗೋಡೆಗೇ ಅಂಟಿ ಕಳೆದುಹೋಗುತ್ತದೆ, ಹಾಗಾಗಿ ಕೂಡಲೇ ಬಳಸಿ.

ಗಾಜುಗಳನ್ನು ಪಿಬಿಎಸ್‌ನಲ್ಲಿ ಮೂರು ಸಲ ತೊಳೆಯಿರಿ. ಟ್ರಿಸ್ ಉಳಿಯಬಾರದು. ಅದರಲ್ಲೂ ಅಮೈನ್ ಇದೆ, ಇಜಿಎಫ್ ಹಿಡಿಯಬೇಕಾದ ಜಾಗ ಅದು ಹಿಡಿಯುತ್ತದೆ. ಪೆಟ್ರಿ ತಟ್ಟೆಯಲ್ಲಿ ಒದ್ದೆ ಟಿಶ್ಯೂ, ಅದರ ಮೇಲೆ ಪ್ಯಾರಾಫಿಲ್ಮ್ ಹಾಸಿ ಗಾಜುಗಳನ್ನು ಸಾಲಾಗಿ ಇಡಿ. ಪ್ರತಿಯೊಂದರ ಮೇಲೂ 100 ಮೈಕ್ರೋಲೀಟರ್ ಹನಿ ಬಿಡಿ. ಪ್ಯಾರಾಫಿಲ್ಮ್ ನೀರು ಹಿಡಿಯದ್ದರಿಂದ ಹನಿ ಅಂಚಿಗೆ ಬಂದು ನಿಲ್ಲುತ್ತದೆ. ಮುಚ್ಚಿ 2 ಗಂಟೆ ಬಿಡಿ. ಒಣಗಲು ಬಿಡಬೇಡಿ. ಆ ಹನಿಯನ್ನು ಚೆಲ್ಲಬೇಡಿ, ಟ್ಯೂಬಿಗೆ ತೆಗೆದಿಡಿ. ಅದರಲ್ಲಿ ಎಷ್ಟು ಉಳಿಯಿತು ಎಂದು ಎಲೈಸಾದಲ್ಲಿ ಅಳೆದರೆ ಎಷ್ಟು ಅಂಟಿರಬಹುದು ಎಂಬ ಅಂದಾಜು ಸಿಗುತ್ತದೆ.

ಇಲ್ಲಿಂದ ಮುಂದೆ ಎಥನಾಲ್, ಆಟೋಕ್ಲೇವ್, ಯುವಿ ದೀಪ ಯಾವುದೂ ಬೇಡ. ಇಜಿಎಫ್‌ನಲ್ಲಿ ಬೆಳಕಿಗೆ ಬೇಗ ಕೆಡುವ ಟ್ರಿಪ್ಟೋಫಾನ್ ಎರಡು ಅಕ್ಕಪಕ್ಕದಲ್ಲೇ ಇವೆ. ಎಲ್ಲವೂ ಜೀವಕೋಶ ಬೆಳೆಸುವ ಸ್ಟೆರೈಲ್ ಹುಡ್ ಒಳಗೆ, ಸ್ಟೆರೈಲ್ ದ್ರಾವಣಗಳಲ್ಲಿ ಆಗಬೇಕು.

ಹಂತ 4: ಕಾಲೂರಲು ಫೈಬ್ರೋನೆಕ್ಟಿನ್, ಉಳಿದ ಜಾಗಕ್ಕೆ ಬಿಎಸ್‌ಎ

ಇಜಿಎಫ್ ಬೆಳೆ ಎನ್ನುತ್ತದೆ, ಹಿಡಿದುಕೊಳ್ಳಲು ಜಾಗ ಕೊಡುವುದಿಲ್ಲ. ಅದಕ್ಕೆ ಫೈಬ್ರೋನೆಕ್ಟಿನ್ ಬೇಕು. ಮಿಲಿಗೆ 5 ಮೈಕ್ರೋಗ್ರಾಂ, ಗಾಜಿಗೆ 100 ಮೈಕ್ರೋಲೀಟರ್, ಒಂದು ಗಂಟೆ. ಇದು ಇಜಿಎಫ್‌ಗಿಂತ ಎಪ್ಪತ್ತು ಪಟ್ಟಿಗೂ ಹೆಚ್ಚು ತೂಕದ ಪ್ರೋಟೀನ್. ಜಾಸ್ತಿ ಹಾಕಿದರೆ ಪುಟ್ಟ ಇಜಿಎಫ್ ಅದರಡಿ ಹೂತುಹೋಗುತ್ತದೆ. ಮೊದಲು ಫೈಬ್ರೋನೆಕ್ಟಿನ್ ಹಾಕಿದರೆ ಇಜಿಎಫ್‌ಗೆ ಜಾಗವೇ ಉಳಿಯದಿರಬಹುದು. ನಾನು ಇಜಿಎಫ್ ಮೊದಲು ಹಾಕುತ್ತೇನೆ. ನಿಮ್ಮ ಪ್ರೋಟೀನ್ ಬೇರೆಯಾಗಿದ್ದರೆ ಎರಡೂ ಕ್ರಮ ಮಾಡಿ ನೋಡಿ.

ಆಮೇಲೆ ಶೇ. 1ರ ಬಿಎಸ್‌ಎ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಇಡೀ ಒಂದು ದಿನ ಬಿಡಿ, ನಡುವೆ ಎರಡು ಸಲ ಬದಲಿಸಿ. ಪಾಲಿಡೋಪಮೀನ್ ಮೇಲೆ ಇಜಿಎಫ್‌ನ ಒಂದು ಭಾಗ ರಾಸಾಯನಿಕ ಬಂಧದಿಂದ ಹಿಡಿದಿರುತ್ತದೆ, ಇನ್ನೊಂದು ಭಾಗ ಸುಮ್ನೆ ತಗುಲಿಕೊಂಡಿರುತ್ತದೆ. ಸಡಿಲವಾಗಿರುವುದನ್ನು ಬಿಎಸ್‌ಎ ತಳ್ಳಿ ಹೊರಹಾಕುತ್ತದೆ. ಜೀವಕೋಶ ಬರುವ ಮೊದಲೇ ಸೋರಬೇಕಾದದ್ದು ಸೋರಿಹೋಗಲಿ. ನನ್ನ ಮೊದಲ ಪ್ರಯೋಗದಲ್ಲಿ ಬಿಟ್ಟಿದ್ದು ಇದೇ ಹಂತ.

ಇನ್ನೂ ಬಿಗಿಯಾದ ಬಂಧ ಬೇಕೆನ್ನುವವರಿಗೆ ಇಡಿಸಿ ಮತ್ತು ಎನ್‌ಎಚ್‌ಎಸ್ ಎಂಬ ಬಂಧ ಕೂಡಿಸುವ ರಾಸಾಯನಿಕಗಳ ದಾರಿ ಇದೆ. ಕಾರ್ಬಾಕ್ಸಿಲ್ ಗುಂಪು ಇರುವ ಉದ್ದನೆಯ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ದಾರವನ್ನು ಗಾಜಿಗೆ ಕೂರಿಸಿ, ಆ ಗುಂಪನ್ನು ಮೊದಲು ಇಡಿಸಿ, ಎನ್‌ಎಚ್‌ಎಸ್‌ನಿಂದ ಎಬ್ಬಿಸಿ, ಇಡಿಸಿಯನ್ನು ತೊಳೆದು ತೆಗೆದ ಮೇಲಷ್ಟೇ ಇಜಿಎಫ್ ಹಾಕಬೇಕು. ಎಲ್ಲವನ್ನೂ ಒಟ್ಟಿಗೆ ಬೆರೆಸಿದರೆ ಇಜಿಎಫ್ ತನಗೆ ತಾನೇ ಅಂಟಿಕೊಳ್ಳುತ್ತದೆ. ಮನುಷ್ಯರ ಇಜಿಎಫ್‌ನಲ್ಲಿ ಎರಡು ಲೈಸಿನ್ (ಬಂಧ ಹಿಡಿಯುವ ಅಮೈನ್ ಇರುವ ಅಮೈನೋ ಆಮ್ಲ) ಇವೆ, ಹಾಗಾಗಿ ಬೇರೆ ಬೇರೆ ದಿಕ್ಕಿನಲ್ಲಿ ಹಿಡಿಯುತ್ತದೆ. ಪುಟ್ಟ ಇಲಿಯ (ಮೌಸ್) ಇಜಿಎಫ್‌ನಲ್ಲಿ ಲೈಸಿನ್ ಒಂದೂ ಇಲ್ಲ. ಅದು ಪ್ರೋಟೀನ್ ಸರಪಳಿಯ ಮೊದಲ ತುದಿಯಿಂದಲೇ (ಎನ್-ತುದಿ) ಹಿಡಿಯುತ್ತದೆ, ಎಲ್ಲವೂ ಒಂದೇ ರೀತಿ ನಿಲ್ಲುತ್ತವೆ. ಕಟ್ಟಿಹಾಕುವ ಕೆಲಸಕ್ಕೆ ಇದು ದೊಡ್ಡ ಅನುಕೂಲ.

ಹಂತ 5: ಹೋಲಿಸಲು ಯಾವ ಯಾವ ಗಾಜು

ಎಲ್ಲದರ ಮೇಲೂ ಫೈಬ್ರೋನೆಕ್ಟಿನ್, ಬಿಎಸ್‌ಎ ಒಂದೇ ರೀತಿ ಇರಲಿ. ಪ್ರತಿ ಬಗೆಗೂ ಮೂರು ಗಾಜು, ಎರಡು ದಿನ ಎಣಿಸುವುದಾದರೆ ಆರು.

- ಪಾಲಿಡೋಪಮೀನ್ ಇದೆ, ಇಜಿಎಫ್ ಇಲ್ಲ.
- ಅದೇ ಗಾಜು, ಆದರೆ ಮೀಡಿಯಂನಲ್ಲಿ ಕರಗಿದ ಇಜಿಎಫ್, ಮಿಲಿಗೆ 10 ನ್ಯಾನೋಗ್ರಾಂ.
- ಇಜಿಎಫ್ ಅಂಟಿಸಿದ್ದು.
- ಪಾಲಿಡೋಪಮೀನ್ ಇಲ್ಲದ ಬರೀ ಗಾಜಿಗೆ ಇಜಿಎಫ್ ಹನಿ ಇಟ್ಟದ್ದು.
- ಮೊದಲನೆಯದು ಮತ್ತು ಮೂರನೆಯದು, ಎರಡಕ್ಕೂ 1 ಮೈಕ್ರೋಮೋಲಾರ್ ಜೆಫಿಟಿನಿಬ್ ಸೇರಿಸಿ.

ಜೆಫಿಟಿನಿಬ್ ಅನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸುವುದರಿಂದ ಉಳಿದ ಗುಳಿಗಳಿಗೂ ಅಷ್ಟೇ ಡಿಎಂಎಸ್‌ಒ ಹಾಕಿ. ಜೆಫಿಟಿನಿಬ್ ಗಾಜುಗಳು ಯಾಕೆ ಬೇಕು ಅಂದರೆ, ಹ್ಯಾಕ್ಯಾಟ್ ತಾನೇ ಇಜಿಎಫ್‌ನ ಬಂಧುಗಳಂತಹ ಪ್ರೋಟೀನ್‌ಗಳನ್ನು ಸ್ವಲ್ಪ ಮಾಡಿಕೊಳ್ಳುತ್ತದೆ. ಗ್ರಾಹಕ ಮುಚ್ಚಿದರೆ ಇಜಿಎಫ್ ಇಲ್ಲದ ಗಾಜಿನಲ್ಲೂ ಬೆಳವಣಿಗೆ ಇಳಿಯಬಹುದು. ಆ ಇಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕುದಿಸಿದ ಇಜಿಎಫ್‌ ಅನ್ನು ಸತ್ತ ಇಜಿಎಫ್ ಎಂದು ಹೋಲಿಕೆಗೆ ಇಡಬೇಡಿ. ಮೂರು ಗಂಧಕದ ಸೇತುವೆಗಳಿರುವ ಈ ಪ್ರೋಟೀನ್ ಶಾಖವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ.

ಹಂತ 6: ಜೀವಕೋಶ ಕೂರಿಸುವುದು

ಹ್ಯಾಕ್ಯಾಟ್ ಅನ್ನು ಹಿಂದಿನ ದಿನವೇ ಶೇ. 0.5 ಸೀರಂ (ರಕ್ತದ ತಿಳಿ) ಇರುವ ಮೀಡಿಯಂಗೆ ಬದಲಿಸಿ ಒಂದು ದಿನ ಹಸಿವಿನಲ್ಲಿಡಿ. ಶೇ. 10 ಸೀರಂ ಇಟ್ಟರೆ ಅದರೊಳಗಿನ ಬೆಳವಣಿಗೆಯ ಪ್ರೋಟೀನ್‌ಗಳಿಂದಲೇ ಎಲ್ಲ ಗಾಜಿನ ಮೇಲೂ ಒಂದೇ ಸಮ ಬೆಳೆದುಬಿಡುತ್ತದೆ.

ಹ್ಯಾಕ್ಯಾಟ್ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಬಿಡಿಸಲು ಮೊದಲು ಇಡಿಟಿಎ ಹಾಕಿ 5ರಿಂದ 10 ನಿಮಿಷ, ಆಮೇಲೆ ಪ್ರೋಟೀನ್ ಕತ್ತರಿಸುವ ಕಿಣ್ವ ಟ್ರಿಪ್ಸಿನ್. ಬಿಟ್ಟ ಮೇಲೆ ಸೋಯಾಬೀನ್ ಟ್ರಿಪ್ಸಿನ್ ತಡೆ ಹಾಕಿ, 200 ಜಿಯಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಹೊಸ ಮೀಡಿಯಂನಲ್ಲಿ ಎರಡು ಸಲ ತೊಳೆಯಿರಿ. ಟ್ರಿಪ್ಸಿನ್ ಚೂರು ಉಳಿದರೂ ನೀವು ಅಂಟಿಸಿದ ಇಜಿಎಫ್‌ ಅನ್ನೇ ಕತ್ತರಿಸುತ್ತದೆ.

ಗುಳಿಗೆ 20,000 ಜೀವಕೋಶ, ಅರ್ಧ ಮಿಲಿ ಮೀಡಿಯಂ, ಸೀರಂ ಶೇ. 0.5. ತಟ್ಟೆಯನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಅಲುಗಿಸಿ. ಸುತ್ತಿಸಿದರೆ ಎಲ್ಲ ನಡುವೆ ಗುಡ್ಡೆ ಬೀಳುತ್ತವೆ. ಹತ್ತು ನಿಮಿಷ ಹೊರಗೆ ಬಿಟ್ಟು ಆಮೇಲೆ ಇನ್‌ಕ್ಯುಬೇಟರಿಗೆ ಇಡಿ.

ಹಂತ 7: ಸೋರಿಕೆ ಹಿಡಿಯುವುದು

ಇದಕ್ಕೆ ಮೂರು ದಾರಿ. ಮೂರನ್ನೂ ಮಾಡಿ.

ಒಂದು, ಇಜಿಎಫ್ ಗಾಜನ್ನು ಜೀವಕೋಶ ಇಲ್ಲದೆ ಅದೇ ಮೀಡಿಯಂನಲ್ಲಿ 37 ಡಿಗ್ರಿಯಲ್ಲಿ ಇಟ್ಟು 24, 48, 72 ಗಂಟೆಗೆ ಎಲೈಸಾ ಮಾಡಿ. ಮಿಲಿಗೆ 1 ನ್ಯಾನೋಗ್ರಾಂ ಹತ್ತಿರ ಬಂದರೂ ಹಂತ 4ಕ್ಕೆ ವಾಪಸ್ ಹೋಗಬೇಕು.

ಎರಡು, ಆ ಮೀಡಿಯಂ ಅನ್ನೇ ಇಜಿಎಫ್ ಇಲ್ಲದ ಗಾಜಿನ ಮೇಲಿನ ಜೀವಕೋಶಕ್ಕೆ ಹಾಕಿ. ಬೆಳೆಯಬಾರದು.

ಮೂರನೆಯದು ನನಗೆ ತುಂಬಾ ಇಷ್ಟ. ವಜ್ರದ ಪೆನ್ನಿನಿಂದ ಗಾಜಿನ ಹಿಂಭಾಗಕ್ಕೆ ನಡುವೆ ಒಂದು ಗೆರೆ ಎಳೆಯಿರಿ. ಒಂದು ಅರ್ಧಕ್ಕೆ ಮಾತ್ರ 30 ಮೈಕ್ರೋಲೀಟರ್ ಇಜಿಎಫ್ ಹನಿ ಇಡಿ. ಫೈಬ್ರೋನೆಕ್ಟಿನ್, ಬಿಎಸ್‌ಎ ಪೂರ್ತಿ ಹಾಕಿ. ಜೀವಕೋಶ ಸಮವಾಗಿ ಬಿತ್ತಿ ಎರಡು ದಿನ ಬಿಡಿ. ಒಂದೇ ಗುಳಿ, ಒಂದೇ ಮೀಡಿಯಂ. ಇಜಿಎಫ್ ಇರುವ ಅರ್ಧದಲ್ಲಿ ಮಾತ್ರ ದಟ್ಟವಾಗಿ ಬೆಳೆದಿದ್ದರೆ ಅದು ನೆಲದಿಂದಲೇ ಬಂದದ್ದು. ಎರಡೂ ಕಡೆ ಒಂದೇ ಸಮ ಜಾಸ್ತಿಯಾಗಿದ್ದರೆ ಸೋರಿದೆ. ದುಬಾರಿ ಕಿಟ್ ಇಲ್ಲದ ಲ್ಯಾಬಿನಲ್ಲೂ ಈ ಪರೀಕ್ಷೆ ಮಾಡಬಹುದು. ಆ ಗೆರೆಯ ಆಚೆ ಈಚೆ ನೋಡಿದಾಗ ಆಗುವ ಸಂತೋಷ ಯಾವ ಗ್ರಾಫ್ ನೋಡಿದರೂ ಆಗುವುದಿಲ್ಲ.

ಹಂತ 8: ಎಣಿಕೆ

ಎಣಿಸುವ ಮೊದಲು ಗಾಜನ್ನು ಎತ್ತಿ ಹೊಸ ಗುಳಿಗೆ ಹಾಕಿ. ಗುಳಿಯ ತಳ 1.9 ಚದರ ಸೆಂಮೀ, ಗಾಜು 1.13. ಉಳಿದ ಪ್ಲಾಸ್ಟಿಕ್ ಮೇಲೂ ಜೀವಕೋಶ ಬಿದ್ದಿರುತ್ತವೆ. ಅವನ್ನೂ ಸೇರಿಸಿ ಎಣಿಸಿದರೆ ವ್ಯತ್ಯಾಸ ಮಸುಕಾಗುತ್ತದೆ.

24 ಗಂಟೆಗೆ ಎಡ್ಯು ಬಣ್ಣದಿಂದ ಎಷ್ಟು ಜೀವಕೋಶ ಡಿಎನ್‌ಎ ನಕಲು ಮಾಡುತ್ತಿವೆ ನೋಡಿ. 72 ಗಂಟೆಗೆ ಜೀವಕೋಶದ ಕೇಂದ್ರಕ್ಕೆ ಹಿಡಿಯುವ ಡ್ಯಾಪಿ ಬಣ್ಣ ಹಾಕಿ ಒಟ್ಟು ಎಣಿಸಿ. ಎಂಟಿಟಿ ಪರೀಕ್ಷೆ (ಬದುಕಿರುವ ಜೀವಕೋಶ ಎಂಟಿಟಿಯ ಬಣ್ಣ ಬದಲಿಸುವುದನ್ನು ಅಳೆಯುವುದು) ಇಲ್ಲಿ ನನಗೆ ಒಪ್ಪಿಗೆಯಿಲ್ಲ. ಪಾಲಿಡೋಪಮೀನ್‌ಗೆ ತನ್ನದೇ ಬಣ್ಣ ಇದೆ, ಜೊತೆಗೆ ಅದೇ ಎಂಟಿಟಿಯ ಬಣ್ಣ ಬದಲಿಸಬಹುದು. ಬೇರೆ ದಾರಿ ಇಲ್ಲದಿದ್ದರೆ ಜೀವಕೋಶ ಇಲ್ಲದ ಗಾಜನ್ನೂ ಜೊತೆಗೆ ಅಳೆದು ಕಳೆಯಿರಿ.

ಸಂದೇಶ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಬೇಕಿದ್ದರೆ ಫಾಸ್ಫೋ-ಎರ್ಕ್ (ಗ್ರಾಹಕ ಎದ್ದಾಗ ಜೀವಕೋಶದೊಳಗೆ ಏರುವ ಸಂದೇಶದ ಪ್ರೋಟೀನ್) ಅಳೆಯಲು ವೆಸ್ಟರ್ನ್ ಬ್ಲಾಟ್ ಮಾಡಿ. ಕರಗಿದ ಇಜಿಎಫ್‌ನಲ್ಲಿ ಮೊದಲ 5ರಿಂದ 15 ನಿಮಿಷದಲ್ಲಿ ಏರಿ ಆಮೇಲೆ ಇಳಿಯುತ್ತದೆ. ಅಂಟಿಸಿದ್ದರಲ್ಲಿ ಏರಿಕೆ ಅಷ್ಟು ಚೂಪಾಗಿ ಕಾಣುವುದಿಲ್ಲ, ಜೀವಕೋಶಗಳು ಒಂದೊಂದಾಗಿ ನೆಲ ಮುಟ್ಟುತ್ತವಲ್ವಾ. ಹಾಗಾಗಿ 1, 4, 24 ಗಂಟೆಯ ಮಾದರಿಗಳನ್ನೂ ಸೇರಿಸಿ.

ಎಡವುವ ಜಾಗಗಳು

ಜೀವಕೋಶ ಕೂತಿವೆ, ಬೆಳೆಯುತ್ತಿಲ್ಲ: ಇಜಿಎಫ್ ಇದೆಯಾ ಎಂದು ಆಂಟಿಬಾಡಿಯಿಂದ ಗಾಜಿನ ಮೇಲೇ ನೋಡಿ. ಇದ್ದೂ ಕೆಲಸ ಮಾಡದಿದ್ದರೆ ಬಹುಶಃ ಅದರ ಗ್ರಾಹಕ ಹಿಡಿಯುವ ಮುಖವೇ ಕೆಳಗಾಗಿದೆ, ಅಥವಾ ಫೈಬ್ರೋನೆಕ್ಟಿನ್ ಮುಚ್ಚಿದೆ. ಫೈಬ್ರೋನೆಕ್ಟಿನ್ ಅರ್ಧಕ್ಕೆ ಇಳಿಸಿ, ಇಲ್ಲವೇ ಪೆಗ್ ದಾರಕ್ಕೆ ಹೋಗಿ.

ಎಲ್ಲ ಗಾಜಿನ ಮೇಲೂ ಒಂದೇ ಸಮ ಬೆಳೆಯುತ್ತಿದೆ: ಸೀರಂ ಜಾಸ್ತಿ, ಇಲ್ಲವೇ ಜೀವಕೋಶ ಜಾಸ್ತಿ. ದಟ್ಟವಾದಷ್ಟೂ ಅವು ಮಾಡುವ ಸ್ವಂತ ಪ್ರೋಟೀನ್ ಮೀಡಿಯಂನಲ್ಲಿ ತುಂಬುತ್ತದೆ. ಸಂಖ್ಯೆ ಅರ್ಧ ಮಾಡಿ.

ಮೊದಲ ದಿನವೇ ಗುಂಡಗಾಗಿ ತೇಲುತ್ತಿವೆ: ಡೋಪಮೀನ್ ತೊಳೆದದ್ದು ಸಾಲದು. ಇನ್ನೊಂದು ರಾತ್ರಿ ನೀರಲ್ಲಿಡಿ.

ತಯಾರಾದ ಗಾಜುಗಳನ್ನು ಪಿಬಿಎಸ್‌ನಲ್ಲಿ ಮುಳುಗಿಸಿ 4 ಡಿಗ್ರಿಯಲ್ಲಿಡಿ. ಒಣಗಿಸಬೇಡಿ, ಹೆಪ್ಪುಗಟ್ಟಿಸಬೇಡಿ. ಎಷ್ಟು ದಿನ ಇಡಬಹುದು ಎಂದು ನಿಮ್ಮ ಗಾಜಿನಲ್ಲೇ ಪರೀಕ್ಷಿಸಿ. ಒಂದೇ ದಿನ ಮಾಡಿದ ಗಾಜುಗಳಲ್ಲಿ ಮೂರನ್ನು ಮಾರನೇ ದಿನ, ಮೂರನ್ನು ಏಳನೇ ದಿನ ಬಳಸಿ ಎಡ್ಯು ಎಣಿಕೆ ಹೋಲಿಸಿ. ಇಳಿದಿದ್ದರೆ ಅಷ್ಟು ದಿನ ಇಡಬೇಡಿ. ಪ್ರತಿ ತಟ್ಟೆಯ ಮೇಲೂ ಇಜಿಎಫ್ ಬ್ಯಾಚ್ ನಂಬರ್ ಮತ್ತು ಅಂಟಿಸಿದ ತಾರೀಖು ಬರೆಯಿರಿ.